ಐದು ಜನರ ಕಪಾಟು

ಸುಬ್ಬಲಕ್ಷ್ಮಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ಕಪಾಟು ಎಂದೂ ಇರಲಿಲ್ಲ. ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್ ಆಗಿ ಸೇರಿದಾಗ ಅವಳ ಜಡೆ ಸೊಂಟದ ಕೆಳಗಿಳಿಯುತ್ತಿತ್ತು. ನಿವೃತ್ತಿಯಾಗಿ ಹೊರಬಂದಾಗ ಒಂದು ಹಿಡಿ ಬಿಳಿ ಕೂದಲು ಉಳಿದಿತ್ತು. ಅಷ್ಟೂ ಕಾಲ ಅವಳ ಸೀರೆ, ಔಷಧಿ, ಕುಂಕುಮದ ಭರಣಿ ಎಲ್ಲ ಇದ್ದದ್ದು ಹಾಸ್ಟೆಲಿನ ಕಬ್ಬಿಣದ ಕಪಾಟಿನಲ್ಲಿ. ಅದರ ಬಾಗಿಲ ಮೇಲೆ ಬಿಳಿ ಪೈಂಟಿನಲ್ಲಿ ನಂಬರು ಬರೆದಿತ್ತು. ಕೊನೆಯ ದಿನ ಅದನ್ನು ಖಾಲಿ ಮಾಡಿ, ಒಳಗೆ ಹಾಸಿದ್ದ ಪೇಪರನ್ನೂ ಮಡಚಿ ತೆಗೆದು, ಎರಡು ಚೀಲ ಹಿಡಿದುಕೊಂಡು ಬಸ್ಸು ಹತ್ತಿದಳು.

ಬದಿಯಡ್ಕ ಪೇಟೆಯಿಂದ ತುಸು ಒಳಗೆ ಎರಡು ಕೋಣೆಯ ಒಂದು ತಾರಸಿ ಮನೆ ಕೊಂಡಿದ್ದಳು. ಮದುವೆಯಾಗಿರಲಿಲ್ಲ. ಇದ್ದ ಒಬ್ಬ ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು. ಮೊದಲ ವಾರಗಳಲ್ಲಿ ಅವಳಿಗೆ ಅತಿ ಕಷ್ಟವಾದದ್ದು ಅನ್ನ ಬೇಯಿಸುವುದು. ಹಾಸ್ಟೆಲಿನಲ್ಲಿ ದೊಡ್ಡ ಚರಿಗೆಗೆ ಎಷ್ಟು ಅಕ್ಕಿ, ಎಷ್ಟು ನೀರು ಎಂದು ಕಣ್ಣಳತೆಯಲ್ಲೇ ಹೇಳಬಲ್ಲವಳಿಗೆ ಒಂದು ಹೊಟ್ಟೆಗೆ ಎಷ್ಟು ಎಂದು ತಿಳಿಯುತ್ತಿರಲಿಲ್ಲ. ದಿನವೂ ಮಿಕ್ಕುತ್ತಿತ್ತು. ಪಕ್ಕದ ಮನೆಯ ಅಮ್ಮುವಿನ ಕೋಳಿಗಳು ಆ ತಿಂಗಳಲ್ಲಿ ಚೆನ್ನಾಗಿ ಮೈ ತುಂಬಿಕೊಂಡವು.

ಸೀರೆಗಳು ಚೀಲದಲ್ಲೇ ಇದ್ದವು. ಒಂದು ಕಪಾಟು ಬೇಕು ಎಂದಾಗ, ಹಾಸ್ಟೆಲಿನಲ್ಲಿದ್ದವಳೆಂದು ಅವಳನ್ನು ಟೀಚರೆಂದೇ ಕರೆಯುತ್ತಿದ್ದ ಅಮ್ಮುವೇ ದಾರಿ ಹೇಳಿದ್ದು. "ಹೊಸತು ತಗೊಳ್ಬೇಡಿ ಟೀಚರೇ. ಮರದ ಹೊಟ್ಟು ಒತ್ತಿ ಮಾಡಿದ್ದು, ಒಂದು ಮಳೆಗಾಲಕ್ಕೆ ಉಬ್ಬಿ ಹೋಗ್ತದೆ. ಬಂದ್ಯೋಡಿನಲ್ಲಿ ಅಹ್ಮದ್ ಕುಂಞಿಯವರ ಶೆಡ್ಡು ಉಂಟು. ಹಳೇ ಮನೆ ಕೆಡವಿದಲ್ಲಿಂದ ತಂದ ಸಾಮಾನು. ಗಟ್ಟಿ ಇರ್ತದೆ."

ಕುಂಬಳೆಯಲ್ಲಿ ಬಸ್ಸು ಬದಲಾಯಿಸಿ ಸುಬ್ಬಲಕ್ಷ್ಮಿ ಬಂದ್ಯೋಡಿಗೆ ಹೋದಳು. ಹೆದ್ದಾರಿಯಿಂದ ತುಸು ಹಿಂದೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಬಾಗಿಲಿನ ದಾರಂದ, ಕಿಟಕಿ, ಕೆತ್ತನೆಯ ಕಂಬಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅವುಗಳ ನಡುವೆ ಕಪಾಟುಗಳು ಸಾಲಾಗಿ ನಿಂತಿದ್ದವು. ಗಲ್ಫಿನ ದುಡ್ಡಿನಲ್ಲಿ ಹೊಸ ಮನೆ ಎದ್ದಲ್ಲೆಲ್ಲ ಹಳೆಯದು ಇಲ್ಲಿಗೆ ಬಂದು ಸೇರುತ್ತಿತ್ತು. ಅಹ್ಮದ್ ಕುಂಞಿ ಅವಳದೇ ಪ್ರಾಯದ, ತೆಳ್ಳಗಿನ ಮನುಷ್ಯ. ಕುರ್ಚಿಯ ಧೂಳು ಒರೆಸಿ ಕೂರಿಸಿದರು.

"ಎಂತಾದ್ದು ಬೇಕಿತ್ತು? ಬಟ್ಟೆಗಾ, ಪಾತ್ರೆಗಾ?"

"ಎಲ್ಲದಕ್ಕೂ."

"ಮನೆಯಲ್ಲಿ ಎಷ್ಟು ಜನ ಉಂಟು?"

ಕಪಾಟು ಮಾರುವವನು ಕೇಳಲೇಬೇಕಾದ ಪ್ರಶ್ನೆ. ಆದರೆ ಅವಳ ಬಾಯಿಯಿಂದ ಬಂದ ಉತ್ತರ ಅವಳಿಗೇ ಅನಿರೀಕ್ಷಿತವಾಗಿತ್ತು. "ಐದು ಜನ," ಎಂದಳು.

ಹೇಳಿದ ಮೇಲೆ ಹಿಂದೆಗೆಯುವುದು ಹೇಗೆ? ಅತ್ತಿಗೆ, ಅತ್ತಿಗೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಚಿಕ್ಕಮ್ಮ, ಎಂದು ಇಲ್ಲದವರನ್ನು ಎಣಿಸಿ ಹೇಳಿದಳು. ಒಬ್ಬೊಬ್ಬರಾಗಿ ಬಂದು ಅವಳ ಬೆನ್ನ ಹಿಂದೆ ನಿಂತ ಹಾಗಾಯಿತು. ಅಹ್ಮದ್ ಕುಂಞಿ ತಲೆಯಾಡಿಸಿ ಶೆಡ್ಡಿನ ದೊಡ್ಡ ಸಾಮಾನುಗಳ ಕಡೆಗೆ ಕರೆದೊಯ್ದರು.

ಅಂದು ಅವಳು ಏನನ್ನೂ ಆರಿಸಲಿಲ್ಲ. "ಮನೆಯಲ್ಲಿ ಕೇಳಿ ಬರ್ತೇನೆ," ಎಂದು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಾಗ ಆ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಆಡಿ ನೋಡಿದಳು. ಎಷ್ಟೋ ಹೆಂಗಸರು ದಿನಕ್ಕೆ ಹತ್ತು ಬಾರಿ ಆಡುವ ಮಾತು. ಅವಳು ಆಡಿದ್ದು ಅದೇ ಮೊದಲು.

ಮುಂದಿನ ವಾರ ಮತ್ತೆ ಹೋದಳು, ಅದರ ಮುಂದಿನ ವಾರವೂ. ಅಹ್ಮದ್ ಕುಂಞಿ ಬೀಟಿಯ ಕಪಾಟು ತೋರಿಸಿದರೆ, "ಚಿಕ್ಕಮ್ಮನಿಗೆ ಕಪ್ಪು ಮರ ಆಗುವುದಿಲ್ಲ," ಎನ್ನುತ್ತಿದ್ದಳು. ಕನ್ನಡಿ ಇದ್ದದ್ದು ತೋರಿಸಿದರೆ, "ಹುಡುಗಿಯರು ಅದರೆದುರೇ ನಿಂತಿರ್ತಾರೆ, ಶಾಲೆಗೆ ಹೊರಡುವುದೇ ಇಲ್ಲ," ಎನ್ನುತ್ತಿದ್ದಳು. ಹಾಸ್ಟೆಲಿನ ಹುಡುಗಿಯರ ಜಗಳ, ಮುನಿಸು, ಕದ್ದು ತಿಂದ ಉಪ್ಪಿನಕಾಯಿ, ಎಲ್ಲವೂ ಅತ್ತಿಗೆಯ ಆ ಇಬ್ಬರು ಮಕ್ಕಳ ಲೆಕ್ಕಕ್ಕೆ ಬಂದವು. ಅಹ್ಮದ್ ಕುಂಞಿ ಬಾಗಿಲ ಮೂಲೆಗಳನ್ನು ತಟ್ಟಿ, ಹುಳು ಹಿಡಿದಿದೆಯೇ ಎಂದು ಬೆನ್ನಹಲಗೆಗೆ ಬೆಳಕು ಬಿಟ್ಟು ತೋರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಡುವೆ ಹೋಟೆಲಿನಿಂದ ಚಾ ತರಿಸುತ್ತಿದ್ದರು. ಹೊರಡುವಾಗ ಅವಳಿಗೆ ಹಗುರಾಗಿರುತ್ತಿತ್ತು. ಬದಿಯಡ್ಕದಲ್ಲಿ ಇಳಿದು ಮನೆಯ ಬೀಗ ತೆಗೆಯುವ ತನಕ ಮಾತ್ರ.

ಕೊನೆಗೆ ಒಂದನ್ನು ಆರಿಸಲೇಬೇಕಾಯಿತು. ಬಾಯಾರಿನ ಯಾವುದೋ ದೊಡ್ಡ ಮನೆಯಿಂದ ಬಂದ ಹಲಸಿನ ಮರದ ಕಪಾಟು. ಎರಡು ಅಗಲದ ಬಾಗಿಲು, ಒಳಗೆ ಐದು ತಟ್ಟು, ಕೆಳಗೆ ಉದ್ದದ ಸೆಳೆಖಾನೆ. ಜೇನಿನ ಬಣ್ಣ. "ಇದು ನಮ್ಮವರಿಗೆ ಸರಿಯಾಗ್ತದೆ," ಎಂದಳು. ತಾನೇ ತಂದು ಕೂರಿಸಿಕೊಡುತ್ತೇನೆ ಎಂದರು ಅಹ್ಮದ್ ಕುಂಞಿ.

ಕಪಾಟು ಬರುವ ಬೆಳಿಗ್ಗೆ ಅವಳಿಗೆ ದಿಗಿಲು ಹತ್ತಿತು. ಮೆಟ್ಟಿಲ ಬಳಿ ಒಂದೇ ಜೊತೆ ಚಪ್ಪಲಿ. ಅಮ್ಮುವಿನ ಹತ್ತಿರ ಹೋಗಿ, "ನಿನ್ನ ಮಕ್ಕಳ ಹಳೇ ಚಪ್ಪಲಿ ಇದ್ದರೆ ಮಧ್ಯಾಹ್ನದ ವರೆಗೆ ಕೊಡು," ಎಂದಳು. ಯಾಕೆಂದು ಅಮ್ಮು ಕೇಳಲಿಲ್ಲ; ಕೇಳಿದ್ದರೆ ಒಳ್ಳೆಯದಿತ್ತೇನೋ. ಅವನ್ನು ತಂದು ಮೆಟ್ಟಿಲ ಬಳಿ ಹರಡಿಟ್ಟಳು. ತುಂಬ ನೀಟಾಗಿ ಕಂಡಿತು ಎಂದು ಒಂದನ್ನು ಕಾಲಿನಿಂದ ಮಗುಚಿ ಹಾಕಿದಳು.

ಪಿಕಪ್ ಬಂತು. ಲೋಡಿಂಗಿನವರು ಬಾಗಿಲುಗಳನ್ನು ಕಳಚಿ, ಕಪಾಟನ್ನು ಓರೆ ಮಾಡಿ ಒಳಗೆ ತಂದರು. ಚಿಕ್ಕ ಕೋಣೆಯಲ್ಲಿ ಅದು ಕಿಟಕಿಯ ಅರ್ಧವನ್ನು ಮುಚ್ಚಿ ನಿಂತಿತು. ಅಹ್ಮದ್ ಕುಂಞಿ ಬೆವರು ಒರೆಸಿಕೊಂಡು, "ಅತ್ತಿಗೆಯವರನ್ನು ಒಮ್ಮೆ ಕರೆಯಿರಿ. ಆಚೆ ಗೋಡೆಗಾ, ಈಚೆ ಗೋಡೆಗಾ, ಅವರೂ ಹೇಳಲಿ. ಮತ್ತೆ ಸರಿಸುವುದು ಕಷ್ಟ," ಎಂದರು.

ಸುಬ್ಬಲಕ್ಷ್ಮಿ ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಹಾಕಿದಳು, ಕರೆಯಲು ಹೋಗುವವಳಂತೆ. ಅಲ್ಲಿ ಒಲೆಯ ಮೇಲೆ ಒಂದು ಪುಟ್ಟ ಪಾತ್ರೆ ಇತ್ತು. ಅಲ್ಲೇ ನಿಂತಳು.

"ಅತ್ತಿಗೆ ಇಲ್ಲ," ಎಂದಳು, ಬೆನ್ನು ತಿರುಗಿಸಿಯೇ.

"ಹೊರಗೆ ಹೋಗಿದ್ದಾರಾ?"

"ಯಾರೂ ಇಲ್ಲ. ನಾನು ಒಬ್ಬಳೇ."

ಅಹ್ಮದ್ ಕುಂಞಿ ಲೋಡಿಂಗಿನವರಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಅವರು ಹೊರಗೆ ಹೋದರು. ಹೊರಗೆ ಅಮ್ಮುವಿನ ಕೋಳಿಯೊಂದು ಕೊಕ್ಕೊಕ್ಕೋ ಎನ್ನುತ್ತಿತ್ತು.

"ನನಗೆ ನೀವು ಎರಡನೇ ಸಲ ಬಂದಾಗಲೇ ಹಾಗೆ ಅನ್ನಿಸಿತ್ತು," ಎಂದರು ಅಹ್ಮದ್ ಕುಂಞಿ. "ಮನೆಯವರು ಇದ್ದವರು ಕಪಾಟು ನೋಡ್ಲಿಕ್ಕೆ ಒಬ್ಬರೇ ಬರುವುದಿಲ್ಲ. ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ, ಅಲ್ಲೇ ಗಲಾಟೆ ಆಗ್ತದೆ."

"ಮತ್ತೆ ಇಷ್ಟು ದೊಡ್ಡದು ಯಾಕೆ ಕೊಟ್ಟಿರಿ?"

"ಆ ಹುಡುಗಿಯರ ಸುದ್ದಿ ಹೇಳುವಾಗ ನಿಮ್ಮ ಮುಖ ಬೇರೆ ಇರ್ತಿತ್ತು. ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ." ಅವರು ಕಪಾಟಿನ ಬಾಗಿಲನ್ನು ಎತ್ತಿ ಕೀಲುಗಳಿಗೆ ಸೇರಿಸಿದರು. "ತಪ್ಪು ನನ್ನದೂ ಉಂಟು. ಇದನ್ನು ವಾಪಸ್ ಕೊಂಡೋಗ್ತೇನೆ."

ಅವಳು ಬೇಡ ಎಂದಳು. ಕೆಲವು ದಿನ ಇರಲಿ, ಹೇಳಿ ಕಳಿಸುತ್ತೇನೆ ಎಂದಳು. ಅವರು ಹೋದ ಮೇಲೆ ಚಪ್ಪಲಿಗಳನ್ನು ಒಟ್ಟುಮಾಡಿ, ತೊಳೆದು, ಅಮ್ಮುವಿಗೆ ಮರಳಿಸಿ ಬಂದಳು.

ಆ ಸಂಜೆ ಚೀಲಗಳನ್ನು ಬಿಚ್ಚಿದಳು. ಸೀರೆಗಳೆಲ್ಲ ಒಂದು ತಟ್ಟಿನಲ್ಲಿ ಹಿಡಿಸಿದವು. ಉಳಿದ ತಟ್ಟುಗಳು ಬೋಳಾಗಿ ಕಂಡು ಕಣ್ಣಿಗೆ ಚುಚ್ಚಿದಾಗ, ಎಲ್ಲವನ್ನೂ ತೆಗೆದು ಹಂಚಿಟ್ಟಳು: ಇಲ್ಲಿ ಮೂರು ಸೀರೆ, ಅಲ್ಲಿ ಶಾಲು, ಮತ್ತೊಂದರಲ್ಲಿ ಔಷಧಿಯ ಡಬ್ಬಿ ಒಂದೇ. ಬಾಗಿಲು ತೆರೆದಾಗಲೆಲ್ಲ ಹಳೆಯ ಮನೆಯವರ ಕರಿಮೆಣಸು, ಕರ್ಪೂರದ ವಾಸನೆ ಹೊರಗೆ ಬರುತ್ತಿತ್ತು. ಎಷ್ಟು ಜನ ಇದನ್ನು ತೆರೆದು ಮುಚ್ಚಿದ್ದರೋ. ಹಾಸ್ಟೆಲಿನ ಕಬ್ಬಿಣದ ಕಪಾಟು ಅವಳದಾಗಿರಲಿಲ್ಲ, ಇದೂ ಅವಳದಾಗುತ್ತಿಲ್ಲ. ಯಾರದೋ ಮನೆಯ ಅತಿಥಿ ಕೋಣೆಯಲ್ಲಿ ಸಾಮಾನು ಇಟ್ಟು ಕುಳಿತವಳ ಹಾಗೆ ಆ ವಾರ ಕಳೆದಳು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ತುತ್ತು ಕೈಯಲ್ಲಿಯೇ ಒಣಗಿತು. ಅತ್ತು ಮುಗಿದ ಮೇಲೆ ಎದ್ದು ಕೈ ತೊಳೆದು ಬಂದ್ಯೋಡಿಗೆ ಫೋನ್ ಮಾಡಿದಳು.

ಮರುದಿನ ಪಿಕಪ್ ಬಂದು ಕಪಾಟನ್ನು ಹೇರಿಕೊಂಡಿತು. ಅವಳೂ ಮುಂದಿನ ಸೀಟಿನಲ್ಲಿ ಅಹ್ಮದ್ ಕುಂಞಿಯವರ ಪಕ್ಕ ಹತ್ತಿ ಕುಳಿತಳು. ಸೀತಾಂಗೋಳಿ ದಾಟುವಾಗ ಅವಳೇ ಮಾತು ಶುರುಮಾಡಿದಳು.

"ಆ ಉಪ್ಪಿನಕಾಯಿ ಕದ್ದದ್ದು ನಿಜ. ಮೋಕ್ಷಿತಾ ಅಂತ, ಹಾಸ್ಟೆಲಿನ ಹುಡುಗಿ. ಈಗ ಎಲ್ಲಿದ್ದಾಳೋ ಗೊತ್ತಿಲ್ಲ."

"ಎಲ್ಲಿದ್ದರೂ ಉಪ್ಪಿನಕಾಯಿ ತಿನ್ನುವಾಗ ನಿಮ್ಮ ನೆನಪು ಬಾರದೆ ಇರ್ಲಿಕ್ಕಿಲ್ಲ," ಎಂದರು ಅವರು.

ಅವಳಿಗೆ ನಗು ಬಂತು.

ಶೆಡ್ಡಿನಲ್ಲಿ ಈ ಸಲ ಯಾರ ಹೆಸರನ್ನೂ ಹೇಳದೆ ನೋಡುತ್ತ ಹೋದಳು. ಅದು ಬಹಳ ಕಷ್ಟದ ಕೆಲಸವಾಗಿತ್ತು. ತನಗೆ ಕಪ್ಪು ಮರ ಆಗುತ್ತದೆಯೇ, ಕನ್ನಡಿ ಬೇಕೇ ಎಂದು ಯಾವತ್ತೂ ಯೋಚಿಸಿದವಳಲ್ಲ. ಕೊನೆಗೆ ದಾರಂದಗಳ ಹಿಂದೆ ನಿಂತಿದ್ದ ಒಂದು ಒಂಟಿ ಬಾಗಿಲಿನ ಬೀಟಿ ಕಪಾಟಿನ ಎದುರು ನಿಂತಳು. ಅವಳ ಎದೆಯೆತ್ತರಕ್ಕೆ ಇತ್ತು. ಒಂದು ಕಾಲು ತುಸು ಗಿಡ್ಡ, ಅದರಡಿಗೆ ಹಂಚಿನ ತುಂಡು ಕೊಟ್ಟಿದ್ದರು.

"ಇದು ಕುಲುಕ್ತದೆ," ಎಂದರು ಅಹ್ಮದ್ ಕುಂಞಿ. "ಕಾಲು ಸರಿ ಮಾಡಿ ಕೊಡ್ತೇನೆ. ಬೇರೆಯೂ ಉಂಟು, ಅವಸರ ಬೇಡ."

"ಇದೇ ಇರಲಿ. ನನಗೆ ಹಿಡಿಸಿತು."

ಚಿಕ್ಕ ಕಪಾಟು ಬಂದ ದಿನ ಮಳೆ ಹನಿಯುತ್ತಿತ್ತು. ಅಹ್ಮದ್ ಕುಂಞಿ ಚಾ ಕುಡಿದು, ಆ ಕಡೆ ಬಂದರೆ ಶೆಡ್ಡಿಗೆ ಬರಬೇಕು, ಕೊಳ್ಳಲೇಬೇಕೆಂದಿಲ್ಲ ಎಂದು ಹೇಳಿ ಹೊರಟರು. ಬರುತ್ತೇನೆ ಎಂದಳು, ಬಹುಶಃ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗಾಡಿಯ ಸದ್ದು ತಿರುವಿನಲ್ಲಿ ಅಡಗಿತು. ಅವಳು ಸೀರೆಗಳನ್ನು ಒಂದರ ಮೇಲೊಂದು ಪೇರಿಸಿ, ಶಾಲನ್ನು ಬದಿಗೆ ತುರುಕಿ, ಔಷಧಿಯ ಡಬ್ಬಿಯನ್ನು ಮೇಲಿಟ್ಟಳು. ಕಪಾಟು ತುಂಬಿತು. ಬಾಗಿಲು ಸುಲಭದಲ್ಲಿ ಹಾಕಿಕೊಳ್ಳಲಿಲ್ಲ. ಮೊಣಕಾಲಿನಿಂದ ಒತ್ತಿ ಹಿಡಿದು ಚಿಲಕ ಸಿಕ್ಕಿಸಬೇಕಾಯಿತು.