ಕರಡಿಮನೆಯ ಎರಡು ಏಟು

ನನ್ನ ತಮ್ಮನ ಬಾಯಿ ಒಂದು ಗಳಿಗೆ ಸುಮ್ಮನಿದ್ದರೂ ಕೈ ಸುಮ್ಮನಿರುವುದಿಲ್ಲ. ಮೃಗಾಲಯ ತೋರಿಸು ಎಂದು ವಾರವಿಡೀ ಜೀವ ತಿಂದ, ಕರೆದುಕೊಂಡು ಹೋದೆ. ನನ್ನ ಗಂಡ ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರು, ಹಾಗಾಗಿ ಜನರನ್ನು ಬಿಡದ ಹಿಂಬದಿಯ ಓಣಿಗೂ ನಮ್ಮನ್ನು ಬಿಟ್ಟರು. ಜಿರಾಫೆ, ಮೊಸಳೆ, ಹಾವು ಎಂದು ಸುತ್ತುವಷ್ಟರಲ್ಲಿ ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ಸಿಂಹದ ಮನೆಯ ಹಿಂದೆ ನಿಂತು ಅವರ ಕೆಲಸ ನೋಡಿದೆವು. ಗಂಡನ ಜೊತೆಗಾರ, ಎಲ್ಲರೂ ದಪ್ಪಣ್ಣ ಎನ್ನುವವನು, ಸಿಂಹವನ್ನು ಗೂಡಿಗೆ ಸೇರಿಸಿ, ಸರಪಳಿ ಎಳೆದು ಕಬ್ಬಿಣದ ಬಾಗಿಲು ಇಳಿಸಿದ. ಆಮೇಲೆ ಪಕ್ಕದಲ್ಲಿ ತೂಗುಹಾಕಿದ್ದ ಕೊಳವೆಗೆ ಸಲಾಕೆಯಿಂದ ಎರಡು ಏಟು ಕೊಟ್ಟ. ಗೋಡೆಯಾಚೆ ಕಾಯುತ್ತಿದ್ದ ನನ್ನ ಗಂಡ ಪೊರಕೆ ಹಿಡಿದು, ಸಿಂಹ ಓಡಾಡುವ ಅಂಗಳ ಗುಡಿಸಲು ಒಳಗೆ ಬಂದರು. ಕಾಯುವ ಜಾಗದಿಂದ ಅವರಿಗೆ ಬಾಗಿಲು ಕಾಣುವುದಿಲ್ಲ. ಏಟು ಕೇಳಿದರೆ ಬಾಗಿಲು ಬಿದ್ದಿದೆ ಎಂದೇ ಲೆಕ್ಕ. ನನ್ನ ತಮ್ಮನಿಗೆ ಅರ್ಥವಾದದ್ದು ಇಷ್ಟೇ: ಬಡಿದರೆ ಭಾವ ಬರುತ್ತಾರೆ.

ಕರಡಿಮನೆಯಲ್ಲಿ ಸರಪಳಿ ಸಿಕ್ಕಿಕೊಂಡಿತು. ದಪ್ಪಣ್ಣ ಎಣ್ಣೆ ತರಲು ಪಕ್ಕದ ಕೋಣೆಗೆ ಹೋದ. ಕರಡಿ ಗೂಡಿನಲ್ಲಿ ಕಲ್ಲಂಗಡಿ ತಿನ್ನುತ್ತಿತ್ತು. ಬಾಗಿಲು ತೆರೆದೇ ಇತ್ತು, ಗೋಡೆಯಾಚೆ ನನ್ನ ಗಂಡ ಏಟಿಗೆ ಕಾಯುತ್ತಿದ್ದರು.

"ಎಷ್ಟೊತ್ತು ಅಕ್ಕಾ ಈ ಬಿಸಿಲಲ್ಲಿ ಕಾಯೋದು? ತಾಳು, ಭಾವನ್ನ ನಾನೇ ಕರೀತೀನಿ."

"ಲೋ, ಬೇಡ ಕಣೋ!"

ಸಲಾಕೆ ಎತ್ತಿ ಅಲ್ಲಿ ತೂಗುತ್ತಿದ್ದ ಕೊಳವೆಗೆ ಬಡಿದೇಬಿಟ್ಟ. ಎರಡು ಏಟು.

ಅಂಗಳದ ಗೇಟು ಕಿರ್ರೆಂದಿತು. ಕರಡಿ ಹಣ್ಣು ಬಿಟ್ಟು ಹೊರಗೆ ನುಗ್ಗಿತು. "ರೀ, ಬರಬೇಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರು ನನ್ನ ದನಿ ಬಂದತ್ತ ತಿರುಗಿದರು, ಅಷ್ಟರಲ್ಲಿ ಅದು ಮೇಲೆ ಬಿದ್ದಿತ್ತು. ಒಂದೇ ಏಟಿಗೆ ಅರ್ಧ ಮುಖ ಕಿತ್ತು ಬಂತು. ಅಡ್ಡ ಹಿಡಿದ ತೋಳನ್ನು ಕಚ್ಚಿ ಜಾಡಿಸಿತು. ಮೂಳೆ ಮುರಿದ ಸದ್ದು ಕಂಬಿಯ ಈಚೆಗೂ ಕೇಳಿಸಿತು. ದಪ್ಪಣ್ಣ ಸಲಿಕೆ ಹಿಡಿದು ಸುತ್ತು ಬಳಸಿ ಓಡಿದ, ಹಿಂದೆಯೇ ನಾನು. ಅವನು ಅದರ ಮೂತಿಗೆ ಬಡಿದ, ಅದು ಹಿಂದೆ ಸರಿಯುವವರೆಗೂ ಬಡಿದ. ನಾನು ಗಂಡನ ಕಾಲು ಹಿಡಿದು ಹೊರಗೆಳೆದೆ. ಹೊಟ್ಟೆಯೂ ಬಗೆದುಹೋಗಿತ್ತು. ಎಷ್ಟು ಒತ್ತಿ ಹಿಡಿದರೂ ರಕ್ತ ನನ್ನ ಬೆರಳ ಸಂದಿಯಿಂದ ಬರುತ್ತಲೇ ಇತ್ತು.

ಅವರ ಉಳಿದ ಒಂದು ಕಣ್ಣು ದಪ್ಪಣ್ಣನನ್ನು ಹುಡುಕಿತು. "ನಿನ್ನ ನಂಬಿದ್ನಲ್ಲೋ... ಯಾಕೋ ಬಡಿದೆ?"

"ನಾನಲ್ಲ ಕಣೋ, ನಿನ್ನಾಣೆ ನಾನಲ್ಲ," ಎಂದು ದಪ್ಪಣ್ಣ ಗೋಳೋ ಎಂದು ಅತ್ತ. ಅವರು ನಂಬಲಿಲ್ಲ, ಮುಖ ತಿರುಗಿಸಿದರು.

ಓಡಿಬಂದು ನಿಂತಿದ್ದ ತಮ್ಮ ತುಟಿ ಬಿಚ್ಚಲಿಲ್ಲ. ಅವನ ಕೊರಳಪಟ್ಟಿ ಹಿಡಿದು ಗಂಡನ ಪಕ್ಕಕ್ಕೆ ಕೆಡವಿದೆ. "ಬೊಗಳೋ! ಯಾರು ಬಡಿದಿದ್ದು ಬೊಗಳೋ!" ಎಂದು ಬಾಯಿಗೇ ಗುದ್ದಿದೆ. ಹಲ್ಲು ಮುರಿದು ಬಾಯಲ್ಲಿ ರಕ್ತ ಬಂದ ಮೇಲೆ ಹೇಳಿದ.

"ನಾನೇ ಭಾವ. ನಾನೇ ಬಡಿದಿದ್ದು."

ಕೇಳಿಸಿಕೊಳ್ಳಲು ಅವನ ಭಾವ ಆಗ ಇರಲಿಲ್ಲ.