ಬಾಗಿಲು ಆ ಕಡೆ

ಗೌಂಡಿ ಕೈಲಾಸ, ಚರ್ಚಿನ ಹಳೆ ಬಾಗಿಲಿದ್ದ ಕಡೆ ಕೊನೆಯ ಇಟ್ಟಿಗೆ ಕೂಡಿಸಿ ಗಿಲಾವು ಮೆತ್ತುತ್ತಿದ್ದ. ಎದುರಿನ ಕಟ್ಟೆಯ ಮೇಲೆ ಪಾರ್ವತಿಬಾಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಬಹಳ ಹೊತ್ತಿನಿಂದ ಮೊರದಲ್ಲಿ ಕೈಯೇ ಆಡಿರಲಿಲ್ಲ.

ಚರ್ಚು ಹುಟ್ಟಿದ್ದೇ ಅವಳ ಮನೆಯ ಮಗ್ಗುಲಿಗೆ. ಮಾವ ಬಂಡೆಪ್ಪ ದನದ ಕೊಟ್ಟಿಗೆಯ ಬದಿಗೆ ಜಾಗ ಬಿಟ್ಟುಕೊಟ್ಟಾಗ ನಾಲ್ಕು ಕಂಬ, ಮೇಲೆ ತಗಡಿನ ಪತ್ರಾ, ಅಷ್ಟೇ. ಅವಳು ಸೊಸೆಯಾಗಿ ಬಂದ ಮೇಲೆ ಕಲ್ಲಿನ ಗೋಡೆಗಳು ಎದ್ದವು. ಮಗ ಸಾಲಿಗೆ ಹೋಗುವಾಗ ಪತ್ರಾ ಹೋಗಿ ಸ್ಲ್ಯಾಬು ಬಂತು. ಇವರದು ಲಿಂಗ ಕಟ್ಟಿಕೊಂಡ ಮನೆತನ. ಒಳಗೆ ಪ್ರಾರ್ಥನೆಗೆ ಅವಳು ಎಂದೂ ಕೂತವಳಲ್ಲ. ಬಾಗಿಲು ಮಾತ್ರ ಪ್ರತಿ ಸಲವೂ ಅವಳ ಅಂಗಳಕ್ಕೇ ತೆರೆಯುತ್ತಿತ್ತು. ಐತವಾರ ಬಂದವರು ಅವಳ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಅವಳ ಕೊಡದ ನೀರು ಕುಡಿದು ಒಳಗೆ ಹೋಗುವರು. “ಇದು ಮನಿಯೋ, ಚಪ್ಪಲಿ ಅಂಗಡಿಯೋ?” ಎಂದು ಅವಳು ಬೈಯುವಳು. ಅವರು ನಗುವರು.

ಈಗ ಮಂದಿ ಹೆಚ್ಚಾಗಿ ಜಾಗ ಸಾಲದೆ, ರಸ್ತೆಯ ಕಡೆಯ ನಂದಾ ತನ್ನ ಹಿತ್ತಲು ಬಿಟ್ಟುಕೊಟ್ಟಿದ್ದಳು. ಚರ್ಚು ಆ ಕಡೆಗೆ ಬೆಳೆಯಿತು. ಬಾಗಿಲೂ ಆ ಕಡೆಗೆ ಹೋಯಿತು.

“ಅವ್ವಾರ, ಮಂದಿ ಬರೂ ಟೆಂಪೋ ಸೀದಾ ಬಾಗಲತನಕ ಬರ್ತದ್ರಿ, ಅದಕ್ಕ,” ಎಂದು ಪಾಸ್ಟರ್ ದಾಮೋದರ ಸಂಕೋಚಪಟ್ಟುಕೊಂಡೇ ಹೇಳಿದ್ದರು. “ಐತವಾರ ಉದ್ಘಾಟನಾ. ನೀವು ಮುಂದ ಇರಬೇಕರಿ.”

ನಂದಾ ಬಿಡುವವಳೇ? ಗೋಡೆ ನೋಡುವ ನೆಪದಲ್ಲಿ ಬಂದು ನಿಂತಳು. “ಅಕ್ಕಾ, ನಿಮ್ಮ ಅಂಗಳ ಸ್ವಚ್ಛ ಆತು ನೋಡ್ರಿ. ಚಪ್ಪಲಿ ಕಾಟ ತಪ್ಪಿತು.”

“ಹೂಂ. ಇನ್ನ ನಿನ್ನ ಕಸಬರಗಿ ಸವೀಲಿ.”

“ಸವೀಲಿ ಬಿಡ್ರಿ. ಹೊಸಾದು ತಂದೀನಿ.”

ಇದು ಹೊಟ್ಟೆಕಿಚ್ಚಲ್ಲ ಎಂದು ಪಾರ್ವತಿಬಾಯಿ ತನಗೆ ತಾನೇ ಹೇಳಿಕೊಂಡಳು. ತನ್ನದಲ್ಲದ ದೇವರ ಬಾಗಿಲಿಗೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಆ ರಾತ್ರಿ ಅನ್ನ ಸೇರಲಿಲ್ಲ.

ಐತವಾರ ಅವಳು ಎಂದಿನಂತೆ ಕೊಡ ತುಂಬಿ ಕಟ್ಟೆಯ ಮೇಲಿಟ್ಟಳು.

“ಅತ್ತಿ, ಈ ಕಡಿ ಯಾರ ಬರ್ತಾರ್ರಿ?” ಎಂದಳು ಸೊಸೆ ಪ್ರಾಜಕ್ತಾ.

“ಬಾಯಾರಿದ್ರ ಬರ್ತಾರ.”

ಟೆಂಪೋ ನಿಂತ ಸದ್ದು ಆಚೆಯಿಂದ ಬಂತು. ಮಾತು, ನಗು, ನಂದಾಳ “ಇಲ್ಲೇ ಬಿಡ್ರಿ, ಇಲ್ಲೇ ಬಿಡ್ರಿ” ಎಂಬ ಉಪಚಾರ. ಹಾರ್ಮೋನಿಯಂ ಪೇಟಿಯ ಸ್ವರ ಎದ್ದಿತು. ಈ ಕಡೆಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಪಾರ್ವತಿಬಾಯಿ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಎದ್ದಳು. ಕರೆದವರ ಮನೆಗೆ ಹೋಗದಿದ್ದರೆ ನಂದಾ ಅದನ್ನೂ ಗೆದ್ದಂತೆ.

ಕಟ್ಟೆ ಇಳಿದವಳು ನಿಂತು, ಚಪ್ಪಲಿ ಕಳಚಿ ಅಲ್ಲೇ ಜೋಡಿಸಿಟ್ಟಳು.

“ಅತ್ತಿ, ಆ ಕಡಿ ತುಂಬಾ ಖಡಿ ಕಲ್ಲ ಬಿದ್ದಾವ್ರಿ. ಕಾಲಿಗೆ ಚುಚ್ಚತಾವ.”

“ಚುಚ್ಚಲಿ. ಚರ್ಚಿಗೆ ಹೋಗವ್ರು ಚಪ್ಪಲಿ ಇಲ್ಲೇ ಬಿಡೂದು.”

ಖಡಿಯ ಮೇಲೆ ಹೆಜ್ಜೆ ಊರುತ್ತ, ಗೋಡೆ ಹಿಡಿದು ಅವಳು ಮೂಲೆ ತಿರುಗಿದಳು. ತುಂಬಿದ ಕೊಡವಿದ್ದ ಕಟ್ಟೆಯ ಕೆಳಗೆ, ಇನ್ನೂ ಹಸಿ ಆರದ ಗಿಲಾವಿಗೆ ಮುಖ ಮಾಡಿ, ಒಂದು ಜೊತೆ ಚಪ್ಪಲಿ ಇತ್ತು.