ಬಿರುಗಾಳಿಯ ಗಂಟು

ಅಸ್ಥಿಯ ಮಡಕೆಯ ಬಾಯಿಗೆ ಬಟ್ಟೆ ಹೊದಿಸಿ ದಾರ ಕಟ್ಟುವುದು ಶ್ರೀನಿಧಿಯ ಕೆಲಸ. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂತೆ ಸಡಿಲವಾಗಿ ಕಟ್ಟಬೇಕು. ದೋಣಿಯಲ್ಲಿ ಬಿಚ್ಚುವವರ ಕೈ ನಡುಗುತ್ತಿರುತ್ತದೆ. ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಕರ್ಮ ಮಾಡಿಸುವ ತಂದೆ ಸಂಕರ್ಷಣಾಚಾರ್ಯರು ಇದನ್ನು ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು.

ಆ ಬೆಳಿಗ್ಗೆ ಅವನು ಬೇರೆ ಗಂಟು ಹಾಕಿದ.

ಎಂ.ಎ. ಮುಗಿಸಿ ಮನೆಯಲ್ಲಿದ್ದ ಅವನು ಕೆಲವು ತಿಂಗಳಿಂದ ಫೋನಿನಲ್ಲಿ ಬಿರುಗಾಳಿಯಲ್ಲಿ ಯಾಟ್ ಎಂಬ ಹಾಯಿದೋಣಿ ನಡೆಸುವ ಪಾಠಗಳನ್ನು ನೋಡುತ್ತಿದ್ದ. ಗಾಳಿ ಏರುವ ಮೊದಲೇ ಹಾಯಿಯನ್ನು ಮಡಚಿ ಚಿಕ್ಕದು ಮಾಡಬೇಕು, ಅಲೆಗೆ ದೋಣಿಯ ಪಕ್ಕ ಒಡ್ಡಬಾರದು, ಎಲ್ಲವನ್ನೂ ಬಿಗಿದು ಕಟ್ಟಿರಬೇಕು. ಅವನು ಸಮುದ್ರವನ್ನೇ ನೋಡಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಬಿಳಿ ಯಾಟ್ ಒಂದು ಬರುತ್ತಿತ್ತು. ಅದರೊಳಗೆ ಒಂದು ಹಾಸಿಗೆ, ಒಂದು ಸ್ಟೌ. ಸುತ್ತ, ಯಾರೂ ಅಳದ ನೀರು.

ಎಳೆದಷ್ಟೂ ಬಿಗಿಯುವ ಗಂಟೊಂದು ಆ ಪಾಠಗಳಲ್ಲಿತ್ತು. ಕೈಯಲ್ಲಿ ದಾರ, ಎದುರಿಗೆ ಮಡಕೆ. ಕಟ್ಟಿಬಿಟ್ಟ. ಚೆನ್ನಾಗಿ ಕೂತಿದೆ ಎಂದು ಸಣ್ಣ ಹೆಮ್ಮೆಯೂ ಆಯಿತು.

ಮಡಕೆಯಲ್ಲಿದ್ದದ್ದು ದಾವಣಗೆರೆಯ ಅಂಬುಜಾಕ್ಷಮ್ಮನ ಗಂಡನ ಅಸ್ಥಿ. ಅವರಿಗೆ ಮಕ್ಕಳಿಲ್ಲ. ಮಂತ್ರ ನೀವು ಹೇಳಿ, ಬಿಡುವುದು ಮಾತ್ರ ನನ್ನ ಕೈಯಿಂದಲೇ ಆಗಬೇಕು ಎಂದು ಫೋನಿನಲ್ಲೇ ಕೇಳಿಕೊಂಡಿದ್ದರು. ಆಚಾರ್ಯರು ಒಪ್ಪಿದ್ದರು.

ಅಂಬಿಗ ರಾಮಜತನ್ "ಆಯಿಯೇ ಕಪ್ತಾನ್ ಸಾಹಬ್" ಎಂದು, ದೋಣಿಯ ಹಗ್ಗವನ್ನು ಎಂದಿನಂತೆ ಶ್ರೀನಿಧಿಗೇ ಬಿಟ್ಟ; ಬಿಚ್ಚುವುದೂ ಕಟ್ಟುವುದೂ ಅವನದೇ ಕೆಲಸ. ಹಾಯಿಯ ಬಗ್ಗೆ ಶ್ರೀನಿಧಿ ಒಮ್ಮೆ ವಿಚಾರಿಸಿದ್ದಕ್ಕೆ ಅಂಬಿಗ ಕೊಟ್ಟ ಬಿರುದು ಆ ‘ಕಪ್ತಾನ್’. ಗಾಳಿಯೇ ಇರಲಿಲ್ಲ. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ನೆಟ್ಟಗೆ ಏರುತ್ತಿತ್ತು.

ನಡುಹೊಳೆಯಲ್ಲಿ ಮಂತ್ರ ಮುಗಿಯಿತು. ಪ್ರೋಕ್ಷಣೆಯ ನೀರಿಗೆ ದಾರ ನೆನೆದು ಉಬ್ಬಿತ್ತು. ಅಂಬುಜಾಕ್ಷಮ್ಮ ಎಳೆದರು. ಇನ್ನಷ್ಟು ಬಿಗಿಯಿತು. ಆಚಾರ್ಯರು ಉಗುರು ಹಾಕಿ ನೋಡಿದರು. ದೋಣಿಯಲ್ಲಿ ಚಾಕು ಇರಲಿಲ್ಲ. ಶ್ರೀನಿಧಿ ಆ ಗಂಟನ್ನು ಕಟ್ಟುವುದನ್ನಷ್ಟೇ ಕಲಿತಿದ್ದ.

ಮಡಕೆಯನ್ನು ಹಾಗೆಯೇ ಬಿಟ್ಟುಬಿಡಿ ತಾಯಿ, ದೋಷವಿಲ್ಲ ಎಂದರು ಆಚಾರ್ಯರು.

ಅಂಬುಜಾಕ್ಷಮ್ಮ ಅದನ್ನು ಮಡಿಲಿಗೆ ಎಳೆದುಕೊಂಡರು. "ಐಸಿಯುನಲ್ಲಿ ಅವರ ಕೈ ಕಟ್ಟಿಹಾಕಿದ್ರು, ಆಚಾರ್ರೇ. ಪೈಪು ಕಿತ್ಕೋತಾರೆ ಅಂತ. ಬಿಚ್ಚು ಅಂತ ಕಣ್ಣಲ್ಲೇ ಕೇಳೋರು. ನಾನು ಬಿಚ್ಚಲಿಲ್ಲ. ಈಗ್ಲೂ ಕಟ್ಟೇ ಕಳಿಸ್ಲಾ?"

ಶ್ರೀನಿಧಿ ಕೈಚಾಚಿದ. ಅವರು ಕೊಡದೆ, ಬಾಗಿ ದಾರಕ್ಕೆ ಹಲ್ಲು ಹಾಕಿದರು. ತುಟಿ ತಾಗಿದ ಲೋಟವನ್ನೂ ಎಂಜಲೆಂದು ದೂರ ಇಡಿಸುವ ಆಚಾರ್ಯರು ಆಚೆ ದಡದ ರಾಮನಗರದ ಕಡೆ ಮುಖ ತಿರುಗಿಸಿಕೊಂಡರು. ಮಡಕೆಯ ಮೇಲೆ ಆ ನರೆತ ತಲೆ ಅಲುಗುತ್ತಿದ್ದುದನ್ನು ಶ್ರೀನಿಧಿ ನೋಡುತ್ತ ಕೂರಬೇಕಾಯಿತು. ಬಹಳ ಹೊತ್ತು.

ಕೊನೆಗೆ ದಾರ ತುಂಡಾಯಿತು. ಅವರು ಬಟ್ಟೆ ತೆಗೆದು, ಮಡಕೆ ಬಗ್ಗಿಸಿ, ಆತುರವಿಲ್ಲದೆ ಬಿಟ್ಟರು. ಕೆಳತುಟಿಯಲ್ಲಿ ಒಂದು ಎಳೆ ಅಂಟಿಕೊಂಡೇ ಇತ್ತು.

ಮರಳುವಾಗ ತಂದೆ ತಗ್ಗಿದ ದನಿಯಲ್ಲಿ, ಅದು ಎಂಥ ಗಂಟೋ ಎಂದು ಕೇಳಿದರು. ಅವನಿಗಿಂತ ಮೊದಲು ಅಂಬುಜಾಕ್ಷಮ್ಮ ಹೇಳಿದರು: "ಬಿಡಿ ಆಚಾರ್ರೇ. ಚೆಲ್ಲದೆ ಜೋಪಾನವಾಗಿರ್ಲಿ ಅಂತ ಕಟ್ಟಿದಾನೆ, ಪಾಪ. ಅಲ್ವೇನಪ್ಪ?"

ಶ್ರೀನಿಧಿ ಹೌದೆಂದು ತಲೆಯಾಡಿಸಿದ.

ದೋಣಿ ಘಾಟಿಗೆ ತಾಗಿದಾಗ ಅಭ್ಯಾಸದಂತೆ ಹಗ್ಗಕ್ಕೆ ಕೈ ನೀಡಿದ. ರಾಮಜತನ್ ಅವನನ್ನು ದಾಟಿಕೊಂಡು ಇಳಿದು, ತಾನೇ ಕಟ್ಟಿದ.